ಐದು ಮನೆಯ ಜೋಳಿಗೆ

ಮೊಹರಂ ಚಂದ್ರ ಕಂಡ ನಾಲ್ಕೈದು ದಿನಗಳಿಗೆ ನಮ್ಮ ಸೀಮೆಯ ಹಳ್ಳಿಗಳಲ್ಲಿ ಪುಟ್ಟ ಪುಟ್ಟ ಫಕೀರರು ಕಾಣಿಸಿಕೊಳ್ಳುತ್ತಾರೆ. ಕೊರಳಲ್ಲಿ ಬಣ್ಣದ ಲಾಡಿ, ಹೆಗಲಿಗೆ ಅವ್ವನ ಹಳೆಯ ಸೀರೆಯಲ್ಲಿ ಹೊಲಿದ ಜೋಳಿಗೆ, ಬರಿಗಾಲು. ಐದೋ ಆರೋ ವರ್ಷದ ಹುಡುಗ. ಅವನ ಅಪ್ಪ ನಾಲ್ಕು ಎಕರೆ ಹೊಲದ ಒಡೆಯನಿರಬಹುದು, ಪೇಟೆಯಲ್ಲಿ ಅಂಗಡಿ ಇಟ್ಟವನಿರಬಹುದು. ಆದರೂ ಹುಡುಗ ಐದು ಮನೆಯ ಮುಂದೆ ನಿಂತು ಕೈಯೊಡ್ಡಬೇಕು. ಹಸನ್ ಹುಸೇನರ ಹೆಸರು ಹೇಳಬೇಕು. ಮನೆಯವರು ಒಂದು ಹಿಡಿ ಜೋಳವನ್ನೋ ಗೋಧಿಯನ್ನೋ ಹಾಕುತ್ತಾರೆ. ಹುಡುಗ ನಾಚಿಕೊಂಡು ಅವ್ವನ ಸೆರಗಿನ ಹಿಂದೆ ಸರಿದರೆ ಅವ್ವನೇ ಮುಂದಕ್ಕೆ ದಬ್ಬುತ್ತಾಳೆ, "ಕೇಳು, ನೀನೇ ಕೇಳಬೇಕು" ಎಂದು. ಹಾಗೆ ಕೂಡಿದ ಕಾಳು ಬೀಸಿ, ಬೆಲ್ಲ ಬೆರೆಸಿ ಮಾಡಿದ ಮಾದಲಿಯನ್ನೋ ಚೊಂಗೆಯನ್ನೋ ಅಲಾಯಿ ದೇವರ ಮುಂದೆ ಓದಿಸಿ ಊರಿಗೆಲ್ಲ ಹಂಚುತ್ತಾರೆ. ಹಂಚುವ ಕೆಲಸವೂ ಆ ಹುಡುಗನದೇ.

ಮಗು ಹುಟ್ಟಿ ಉಳಿಯದಿದ್ದಾಗ, ಜ್ವರ ಬಿಡದಿದ್ದಾಗ ಹೊತ್ತ ಹರಕೆ ಇದು. ಹರಕೆ ಹೊತ್ತವರು ಮುಸಲ್ಮಾನರೇ ಆಗಬೇಕಿಲ್ಲ. ಲಿಂಗಾಯತರು, ಕುರುಬರು, ಬೇಡರು, ಮಾದಿಗರು ಎಲ್ಲರ ಮನೆಯಲ್ಲೂ ಫಕೀರರಾದ ಮಕ್ಕಳಿದ್ದಾರೆ. ಫಕೀರಪ್ಪ, ಫಕೀರವ್ವ, ಹುಸೇನಪ್ಪ, ಪೀರಪ್ಪ ಎಂಬ ಹೆಸರುಗಳು ಮತದಾರರ ಪಟ್ಟಿಯಲ್ಲಿ ಇಂದಿಗೂ ಸಿಗುತ್ತವೆ. ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳಲ್ಲೂ ಅಲಾಯಿ ಕುಣಿ ತೋಡಿ ಪಂಜಾ ಕೂಡಿಸುವುದು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರಿಗೆ ಹೊಸ ಸಂಗತಿಯಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳ ಬಗ್ಗೆ, ಮೊಹರಂ ಬಗ್ಗೆ ಊರೂರು ತಿರುಗಿ ಬರೆದಿರುವುದರಿಂದ ನಾವು ಅದನ್ನೆಲ್ಲ ಮತ್ತೆ ವಿವರಿಸಬೇಕಾಗಿಲ್ಲ. ನಮ್ಮನ್ನು ಕಾಡುತ್ತಿರುವುದು ಬೇರೆ ಪ್ರಶ್ನೆ. ಮಕ್ಕಳಿಗೆ ಕೊಡುವುದನ್ನು ಕಲಿಸಬೇಕೆಂದು ಇಂದು ಶಾಲೆಗಳು, ಸಂಘಗಳು, ಮಸೀದಿ ಕಮಿಟಿಗಳು ಎಲ್ಲ ಹೇಳುತ್ತಿವೆ. ನಮ್ಮ ಸೀಮೆಯ ಹಿರಿಯರು ಕೊಡುವುದನ್ನು ಕಲಿಸಲು ಮೊದಲು ಬೇಡುವುದನ್ನು ಏಕೆ ಕಲಿಸಿದರು?

ನಮ್ಮ ಸೀಮೆ ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಪಡುವಣ ತಾಲ್ಲೂಕುಗಳಿವು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಇಪ್ಪತ್ತು ವರ್ಷ ಕಳೆದ ಮೇಲೆ ಬಳ್ಳಾರಿಗೆ ಮರಳಿತು. 2021ರಿಂದ ಐದೂ ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಮಳೆಯ ಲೆಕ್ಕ ಬದಲಾಗಿಲ್ಲ. ಒಂದು ಕಡೆ ತುಂಗಭದ್ರೆ, ನಡುವೆ ಹಗರಿ, ಉಳಿದುದೆಲ್ಲ ಮುಗಿಲು ನೋಡಿ ಬದುಕುವ ಹೊಲ. ಕೊಡುವ ಬೇಡುವ ಮಾತು ಇಲ್ಲಿ ಧರ್ಮದ ಪುಸ್ತಕದಿಂದ ಶುರುವಾಗುವುದಿಲ್ಲ, ಬರದಿಂದ ಶುರುವಾಗುತ್ತದೆ.

ಧಾತು ಈಶ್ವರ ಸಂವತ್ಸರದ ಬರ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು 1876ರಿಂದ 78ರವರೆಗಿನ ಮಹಾಕ್ಷಾಮವನ್ನು. ಅವರೂ ಅದನ್ನು ಕಂಡವರಲ್ಲ, ಅವರ ಅಜ್ಜಿಯರಿಂದ ಕೇಳಿದವರು. 1871 ಮತ್ತು 1881ರ ಜನಗಣತಿಗಳನ್ನು ಪಕ್ಕಪಕ್ಕ ಇಟ್ಟರೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿನಷ್ಟು ಇಳಿದಿದೆ. ಐದು ಜನರ ಮನೆಯಲ್ಲಿ ಒಬ್ಬರಿಲ್ಲ ಎಂದಾಯಿತು. ಸತ್ತವರೂ ಇದ್ದಾರೆ, ಗುಳೆ ಹೋದವರೂ ಇದ್ದಾರೆ. ಪರಿಹಾರದ ಕೆಲಸಕ್ಕೆ ಬಂದವರಿಗೆ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಪಡಿಸಿದ ಕೂಲಿ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲಿಷ್ಟು ಚಿಲ್ಲರೆ ಕಾಸು. ದಿನವಿಡೀ ಕಲ್ಲು ಹೊರುವವನ ಹೊಟ್ಟೆಗೆ ಅದು ಸಾಲದೆಂದು ಮದ್ರಾಸಿನ ವೈದ್ಯಾಧಿಕಾರಿ ಕಾರ್ನಿಷ್ ವಾದಿಸಿದ್ದರು. ಕೊಡುವವನು ಲೆಕ್ಕ ಹಿಡಿದು ಕೊಟ್ಟಾಗ ಏನಾಗುತ್ತದೆಂಬುದಕ್ಕೆ ಆ ಒಂದು ಪೌಂಡಿನ ಕಥೆ ಸಾಕು. ಅಂಥ ಬರದಲ್ಲಿ ಕೊಟ್ಟವರು ಬೇರೆ, ಬೇಡಿದವರು ಬೇರೆ ಎಂದು ಉಳಿದಿರಲಿಕ್ಕಿಲ್ಲ. ಹೋದ ವರ್ಷ ಕಣ ಮಾಡಿದವನು ಈ ವರ್ಷ ಗಂಜಿಯ ಸಾಲಿನಲ್ಲಿದ್ದ. ಐದು ಮನೆಯ ಜೋಳಿಗೆಯನ್ನು ಉಳ್ಳವರ ಮಗನ ಹೆಗಲಿಗೂ ಹಾಕಿದ ಪದ್ಧತಿ ಈ ಅನುಭವಕ್ಕಿಂತ ಹಳೆಯದೇ. ವಿಜಯನಗರ 1565ರಲ್ಲಿ ಬಿದ್ದ ಮೇಲೆ ಈ ಸೀಮೆ ಬಿಜಾಪುರದ ಆದಿಲ್‌ಶಾಹಿಗಳ ಪ್ರಭಾವಕ್ಕೆ ಬಂದಿತ್ತು, ಮೊಹರಂ ಹಳ್ಳಿಗಳಿಗೆ ಹಬ್ಬಲು ಅದೂ ಒಂದು ಕಾರಣ. ಆದರೆ ಪದ್ಧತಿ ಹುಟ್ಟಿದ್ದು ಯಾವಾಗಲೇ ಇರಲಿ, ಅದು ಉಳಿದುಕೊಂಡದ್ದು ಬರದ ನೆನಪಿನಿಂದ ಎಂದು ನಮಗೆ ತೋರುತ್ತದೆ.

ಬೇಡುವುದು ಒಳ್ಳೆಯದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪ್ರವಾದಿಯವರ ಬಳಿ ಒಬ್ಬ ಬೇಡಲು ಬಂದ ಪ್ರಸಂಗವನ್ನು ಮದರಸಾಕ್ಕೆ ಹೋದ ಮಕ್ಕಳೆಲ್ಲ ಕೇಳಿರುತ್ತಾರೆ. ಮನೆಯಲ್ಲಿ ಏನಿದೆಯೋ ತಾ ಎಂದರು. ಅವನು ಒಂದು ಕಂಬಳಿಯನ್ನೂ ಒಂದು ಬಟ್ಟಲನ್ನೂ ತಂದ. ಅವರೇ ಅದನ್ನು ಹರಾಜು ಹಾಕಿದರು. ಬಂದದ್ದು ಎರಡು ದಿರ್ಹಮ್. ಒಂದರಲ್ಲಿ ಮನೆಗೆ ಊಟ, ಇನ್ನೊಂದರಲ್ಲಿ ಕೊಡಲಿ. ಸೌದೆ ಕಡಿದು ಮಾರಿ ಬದುಕು ಎಂದು ಕಳಿಸಿದರು. ಈ ಪ್ರಸಂಗವನ್ನು ಮುಂದಿಟ್ಟು ಮೊಹರಂ ಫಕೀರರನ್ನು ಖಂಡಿಸುವ ಮೌಲವಿಗಳ ಮಾತಿಗೆ ನಮ್ಮಲ್ಲಿ ಗೌರವವಿದೆ. ಅವರು ಬಿದಾತ್ ಎನ್ನುತ್ತಾರೆ, ಧರ್ಮದಲ್ಲಿ ಇಲ್ಲದ್ದನ್ನು ಸೇರಿಸಬಾರದು ಎನ್ನುತ್ತಾರೆ. ಆದರೆ ಐದು ಮನೆಗೆ ಮಾತ್ರ ಹೋಗಿ, ಕೂಡಿದ್ದನ್ನು ತಾನು ಇಟ್ಟುಕೊಳ್ಳದೆ ಊರಿಗೆ ಹಂಚುವ ಹುಡುಗ ನಿಜಕ್ಕೂ ಭಿಕ್ಷುಕನೇ? ಅವನಿಗೆ ಆ ಹೊತ್ತು ತಿಳಿಯುವುದು, ಬೇರೆಯವರ ಬಾಗಿಲಲ್ಲಿ ನಿಂತಾಗ ಕಾಲು ಹೇಗೆ ನಡುಗುತ್ತದೆ ಎಂಬುದು. ಒಳಗಿನಿಂದ ಯಾರೂ ಬೇಗ ಬಾರದಿದ್ದರೆ ಹೊತ್ತು ಎಷ್ಟು ಉದ್ದವಾಗುತ್ತದೆ ಎಂಬುದು. ಮುಂದೆ ಅವನ ಬಾಗಿಲಿಗೆ ಯಾರಾದರೂ ಬಂದಾಗ ಅದು ನೆನಪಾದೀತು.

ನಮ್ಮ ಮನೆಗಳಲ್ಲಿ ಇನ್ನೊಂದು ಪಾಠ ರಮಜಾನಿನದು. ಜಕಾತ್ ದುಡ್ಡಿದ್ದವರ ಮಾತು. ವರ್ಷವಿಡೀ ಕೈಯಲ್ಲಿ ಉಳಿದದ್ದಕ್ಕೆ ನೂರಕ್ಕೆ ಎರಡೂವರೆ. ಫಿತ್ರಾ ಹಾಗಲ್ಲ. ಈದಿನ ನಮಾಜಿಗೆ ಮೊದಲು ಮನೆಯ ಒಂದೊಂದು ತಲೆಗೂ ಇಂತಿಷ್ಟು ಧಾನ್ಯ ಎಂದು ಅಳೆದು ಕೊಡಬೇಕು. ಹಿಂದಿನ ದಿನ ಹುಟ್ಟಿದ ಕೂಸಿದ್ದರೆ ಅದರ ಹೆಸರಲ್ಲೂ ಕೊಡಬೇಕು. ಕಣ್ಣು ಬಿಡದ ಕೂಸೂ ದಾನಿಯೇ. ನಮ್ಮ ನಾನಿ ಗೋಧಿ ಅಳೆಯುವಾಗ ಮಕ್ಕಳನ್ನೆಲ್ಲ ಸುತ್ತ ಕೂಡಿಸಿಕೊಂಡು, ಒಬ್ಬೊಬ್ಬರ ಹೆಸರು ಹೇಳಿ, ಅವರವರ ಕೈಯನ್ನು ಕಾಳಿನ ಮೇಲೆ ಒತ್ತಿಸುತ್ತಿದ್ದರು. ತೊಟ್ಟಿಲ ಕೂಸಿನ ಅಂಗೈಯನ್ನೂ ಬಿಡಿಸಿ ಗೋಧಿಗೆ ತಾಕಿಸುತ್ತಿದ್ದರು. ಅದನ್ನು ಯಾರಿಗೆ ಕೊಡುತ್ತಾರೆಂದು ಮಾತ್ರ ಹೇಳುತ್ತಿರಲಿಲ್ಲ. ಕೇಳಿದರೆ ಬೈಗುಳ. ತೆಗೆದುಕೊಂಡವರ ಮಕ್ಕಳು ನಮ್ಮ ಜೊತೆಗೇ ಶಾಲೆಯಲ್ಲಿದ್ದರೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಇಫ್ತಾರಿನ ತಟ್ಟೆಯದೂ ಇದೇ ಕಥೆ. ಮೇಲೊಂದು ಕರವಸ್ತ್ರ ಮುಚ್ಚಿ ಪಕ್ಕದ ಮನೆಗೆ ಕೊಟ್ಟು ಬಾ ಎಂದು ಮಕ್ಕಳನ್ನೇ ಕಳಿಸುವುದು. ತಟ್ಟೆ ಖಾಲಿ ಮರಳುತ್ತಿರಲಿಲ್ಲ. ಗೌಡರ ಮನೆಯಿಂದ ಎರಡು ಅಚ್ಚು ಬೆಲ್ಲ, ಬಡಿಗೇರ ಮನೆಯಿಂದ ನಾಲ್ಕು ಕಾಳು ಸಕ್ಕರೆ. ಏನೂ ಇಲ್ಲದವರು ಒಂದೆಲೆ ತುಳಸಿಯನ್ನಾದರೂ ಹಾಕಿ ಕಳಿಸುತ್ತಿದ್ದರು. ಬರಿದಾದ ತಟ್ಟೆ ಕಳಿಸಿದರೆ ಕೊಟ್ಟವರನ್ನು ಅವಮಾನಿಸಿದಂತೆ. ನಾವು ಉರ್ದು ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಹೇಳುತ್ತಿದ್ದುದು ಇಕ್ಬಾಲರು 1902ರಲ್ಲಿ ಮಕ್ಕಳಿಗಾಗಿ ಬರೆದ ದುಆ. ಬಡವರ, ಬಲಹೀನರ ಪರ ನಿಲ್ಲುವ ಬದುಕು ಕೊಡು ಎಂದು ಮಗು ಕೇಳಿಕೊಳ್ಳುವ ಪದ್ಯವದು. ಹೈಸ್ಕೂಲಿಗೆ ಕನ್ನಡ ಶಾಲೆಗೆ ಬಂದಾಗ ಪುಣ್ಯಕೋಟಿಯ ಹಾಡು ಆಗಲೇ ಎಲ್ಲರ ಬಾಯಲ್ಲಿತ್ತು. ಎರಡರಲ್ಲಿ ಯಾವುದನ್ನೂ ನಾವು ಧರ್ಮದ ಪದ್ಯವೆಂದು ಕಲಿಯಲಿಲ್ಲ. 2019ರಲ್ಲಿ ಉತ್ತರ ಪ್ರದೇಶದ ಪೀಲಿಭೀತ್ ಜಿಲ್ಲೆಯ ಶಾಲೆಯೊಂದರಲ್ಲಿ ಇಕ್ಬಾಲರ ಈ ಪದ್ಯ ಹೇಳಿಸಿದ್ದಕ್ಕೆ ಮುಖ್ಯೋಪಾಧ್ಯಾಯರನ್ನು ಅಮಾನತು ಮಾಡಿದರೆಂಬ ಸುದ್ದಿ ಓದಿದಾಗ, ಬಡವರ ಪರ ನಿಲ್ಲುವ ಸಾಲಿನಲ್ಲಿ ಯಾರಿಗೆ ಏನು ಚುಚ್ಚಿತು ಎಂದು ಹೊಳೆಯಲೇ ಇಲ್ಲ.

ಕೊಟ್ಟೂರಿನ ಮಾತಿಗೆ ಬರೋಣ. ದಾನ ಎಂಬ ಮಾತನ್ನು ಅನುಮಾನದಿಂದ ನೋಡಿದವರು ಹನ್ನೆರಡನೆಯ ಶತಮಾನದ ಶರಣರು. ದಾನದಲ್ಲಿ ಕೊಟ್ಟೆನೆಂಬ ಅಹಂಕಾರ ಉಳಿಯುತ್ತದೆ, ಆದ್ದರಿಂದ ದಾಸೋಹ ಎಂದರು. ದುಡಿದದ್ದನ್ನು ತನ್ನದಲ್ಲವೆಂದು ಒಪ್ಪಿಸುವುದು. ಅದಕ್ಕೂ ಮೊದಲಿನ ನಮ್ಮ ಸೀಮೆಯ ಶಾಸನಗಳು, ಅಂದರೆ ಬಾಗಳಿಯ ಕಲ್ಲೇಶ್ವರ, ಕೋಗಳಿ, ಹಿರೇಹಡಗಲಿ, ಕುರುವತ್ತಿಗಳ ಕಲ್ಲುಗಳು ತುಂಬಿರುವುದು ದಾನಿಗಳ ಹೆಸರಿನಿಂದ. ಇಂತಿಷ್ಟು ಮತ್ತರು ಭೂಮಿ, ಇಂತಿಷ್ಟು ಗದ್ಯಾಣ, ಇದನ್ನು ಕೆಡಿಸಿದವನಿಗೆ ಇಂಥ ಪಾಪ. ಆ ಕಲ್ಲುಗಳು ಇಲ್ಲದಿದ್ದರೆ ನಮಗೆ ಚರಿತ್ರೆಯೇ ಇರುತ್ತಿರಲಿಲ್ಲ, ನಿಜ. ಆದರೆ ದಾಸೋಹಕ್ಕೆ ಶಾಸನ ಹಾಕಿಸುವ ಅಗತ್ಯವಿರಲಿಲ್ಲ. ಕೊಟ್ಟೂರಿನ ಬಸವೇಶ್ವರರು, ಜನರ ಬಾಯಲ್ಲಿ ಕೊಟ್ಟೂರೇಶ, ಈ ಪರಂಪರೆಗೆ ಸೇರಿದವರು. ಅಕ್ಬರ್ ಬಾದಶಹನನ್ನು ಕಂಡರು, ಅವನು ಅವರಿಗೆ ಮಂಚವೊಂದನ್ನು ಕೊಟ್ಟ ಎಂಬ ಐತಿಹ್ಯ ಇದೆ. ಚರಿತ್ರೆಯೋ ಅಲ್ಲವೋ, ಹಾಗೆ ಹೇಳಿಕೊಳ್ಳಬೇಕೆಂದು ಈ ಊರಿಗೆ ಅನಿಸಿದ್ದೇ ನಮಗೆ ಮುಖ್ಯ. ಅವರ ತೇರು ಎಳೆಯುವ ಮೊದಲು ದಲಿತ ಮಹಿಳೆಯರು ಆರತಿ ಬೆಳಗುವ ಪದ್ಧತಿಯನ್ನೂ ಇದೇ ಊರು ಉಳಿಸಿಕೊಂಡಿದೆ.

ಫೆಬ್ರುವರಿ ಹೊತ್ತಿಗೆ, ಕೆಲವು ವರ್ಷ ಮಾರ್ಚ್ ಮೊದಲಿಗೆ, ಆ ತೇರಿಗೆ ದಾವಣಗೆರೆಯಿಂದ ಸಾವಿರಾರು ಜನ ನಡೆದು ಬರುತ್ತಾರೆ. ಬಿಸಿಲು ಆಗಲೇ ಏರಿರುತ್ತದೆ. ದಾರಿಯ ಹಳ್ಳಿಗಳವರು ಶಾಮಿಯಾನ ಹಾಕಿ ಮಜ್ಜಿಗೆ, ನೀರು, ಮಂಡಕ್ಕಿ, ಅನ್ನ ಸಾರು ಕೊಡುತ್ತಾರೆ. ಕಾಲಿಗೆ ಬೊಬ್ಬೆ ಬಂದವರಿಗೆ ಮುಲಾಮು ಹಚ್ಚುತ್ತಾರೆ. ಈ ಕೆಲಸಕ್ಕೆ ಮುಂದೆ ನಿಲ್ಲುವುದು ಮಕ್ಕಳು. ಲೋಟ ತೊಳೆಯುವವರು, ಕೊಡ ಹೊರುವವರು, "ಯಪ್ಪಾ, ಮಜ್ಜಿಗಿ ಕುಡಕೊಂಡು ಹೋಗ್ರಿ" ಎಂದು ಕೂಗುವವರು. ಗುರುತಿನ ಚೀಟಿ ಇಲ್ಲ, ಪ್ರಮಾಣಪತ್ರ ಇಲ್ಲ. ಸ್ವಯಂಸೇವೆ ಎಂಬ ಶಬ್ದವನ್ನೇ ಕೇಳದ ಮಕ್ಕಳವು. ನಾವು ಒಮ್ಮೆ ಆ ದಾರಿಯಲ್ಲಿ ನಿಂತು ನೋಡುತ್ತಿದ್ದಾಗ ಟೊಪ್ಪಿ ಹಾಕಿದ ಇಬ್ಬರು ಹುಡುಗರೂ ಲೋಟ ಹಿಡಿದು ಓಡಾಡುತ್ತಿದ್ದರು. ನಮ್ಮ ಜೊತೆಗಿದ್ದ ಪತ್ರಕರ್ತ ಗೆಳೆಯರು ಫೋಟೋ ತೆಗೆಯಲು ಮೊಬೈಲು ಎತ್ತಿದರು. ಒಬ್ಬ ಹುಡುಗ ಸಿಟ್ಟಿನಿಂದ, "ಅವನ್ದೂ ತೆಗೀರಿ, ಇವನ್ದೂ ತೆಗೀರಿ, ನಮ್ಮಿಬ್ಬರದಷ್ಟೇ ಯಾಕ್ರಿ?" ಎಂದ. ನಮ್ಮ ಗೆಳೆಯರು ಮೊಬೈಲು ಜೇಬಿಗೆ ಹಾಕಿಕೊಂಡರು.

ಇದೇ ದಾರಿಯಲ್ಲಿ 1934ರ ಮಾರ್ಚ್ ಮೊದಲ ದಿನಗಳಲ್ಲಿ ಗಾಂಧೀಜಿ ಬಂದಿದ್ದರು. ದಾವಣಗೆರೆ, ಹರಿಹರ ಮುಗಿಸಿ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಮಾರ್ಗವಾಗಿ ಸೊಂಡೂರು, ಬಳ್ಳಾರಿ ಕಡೆಗೆ ಹೋದರು. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟ ಹರಿಜನ ಯಾತ್ರೆ ಅದು. ಸುಮಾರು ಒಂಬತ್ತು ತಿಂಗಳು, ಹನ್ನೆರಡೂವರೆ ಸಾವಿರ ಮೈಲಿ, ಕೊನೆಗೆ ಕೂಡಿದ ಹಣ ಎಂಟು ಲಕ್ಷ ರೂಪಾಯಿ ಎಂದು ಲೆಕ್ಕ. ಆ ಯಾತ್ರೆಯುದ್ದಕ್ಕೂ ಗಾಂಧೀಜಿ ಮಕ್ಕಳ ಮುಂದೆಯೂ ಕೈಯೊಡ್ಡಿದರು. ರುಜು ಬೇಕೇ, ಐದು ರೂಪಾಯಿ ಕೊಡು. ಬಳೆ ಇದೆಯೇ, ಅದನ್ನು ಕೊಡು. ಬಂದ ಕಾಣಿಕೆಯನ್ನು ಅಲ್ಲಿಯೇ ಹರಾಜು ಹಾಕುತ್ತಿದ್ದರು. ಮೊದಲು ಹೇಳಿದ ಕಂಬಳಿ ಬಟ್ಟಲಿನ ಹರಾಜು ಇಲ್ಲಿ ಓದುಗರಿಗೆ ನೆನಪಾದರೆ ತಪ್ಪಲ್ಲ. ಚಿಕ್ಕವರು ಒಡವೆ ಬಿಚ್ಚಿಕೊಟ್ಟರೆ ಅಪ್ಪ ಅಮ್ಮನ ಒಪ್ಪಿಗೆ ಇದೆಯೇ ಎಂದು ಕೇಳುತ್ತಿದ್ದರು. ಇನ್ನೊಂದು ಷರತ್ತೂ ಇತ್ತು: ಕೊಟ್ಟದ್ದರ ಬದಲಿಗೆ ಹೊಸದನ್ನು ಮಾಡಿಸಿಕೊಡಿ ಎಂದು ಮನೆಯಲ್ಲಿ ಕೇಳಕೂಡದು.

ನಮ್ಮ ಸೀಮೆಗೆ ಬರುವ ಆರೇಳು ವಾರ ಮೊದಲು, ಅದೇ ಮದ್ರಾಸ್ ಪ್ರಾಂತ್ಯದ ಮಲಬಾರಿನ ಬಡಗರದಲ್ಲಿ ಕೌಮುದಿ ಎಂಬ ಹದಿನಾರರ ಹುಡುಗಿ ಮೊದಲು ಒಂದು ಬಳೆ ಕೊಟ್ಟು ರುಜು ಕೇಳಿದಳು. ಗಾಂಧೀಜಿ ರುಜು ಹಾಕುತ್ತಿರುವಾಗಲೇ ಇನ್ನೊಂದು ಬಳೆ ಬಿಚ್ಚಿದಳು. ಆಮೇಲೆ ಸರ. ಆಮೇಲೆ ಕಿವಿಯೋಲೆ. ಅವಳ ಬಗ್ಗೆ ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಬರೆದರು. ಕೌಮುದಿ ಮುಂದೆ ಒಡವೆ ತೊಡಲಿಲ್ಲ, ಹಿಂದಿ ಕಲಿಸುತ್ತ ಬಾಳಿದರು. ಬಂಗಾರ ಎಂಟು ಲಕ್ಷದಲ್ಲಿ ಎಲ್ಲೋ ಕರಗಿಹೋಯಿತು, ಹುಡುಗಿಯ ನಿರ್ಧಾರ ಕರಗಲಿಲ್ಲ. ಸೊಂಟದ ಉಡಿದಾರಕ್ಕೂ ಬೆಳ್ಳಿ ಕಾಣದ ಮಕ್ಕಳೇ ಹೆಚ್ಚಾಗಿದ್ದ ನಮ್ಮ ಬರಸೀಮೆಯಲ್ಲಿ ಕೂಡಿದ್ದು ಬಹುಪಾಲು ಕಾಸು, ಬಿಲ್ಲೆಗಳೇ ಇದ್ದಿರಬೇಕು.

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಸತ್ಯವಾಗುತ್ತದೆ. ಆ ಹಣ ಹೋದದ್ದು 1932ರಲ್ಲಿ ಹುಟ್ಟಿದ ಹರಿಜನ ಸೇವಕ ಸಂಘದ ಕೆಲಸಗಳಿಗೆ. ಅದರ ಆಡಳಿತದಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೇ ಜಾಗವಿಲ್ಲವೆಂದು ಅಂಬೇಡ್ಕರರು ಕಟುವಾಗಿ ಟೀಕಿಸಿದರು. ಇದು ಸವರ್ಣೀಯರು ತೀರಿಸಬೇಕಾದ ಸಾಲ, ಆದ್ದರಿಂದ ಅವರೇ ನಡೆಸಬೇಕು ಎಂಬುದು ಗಾಂಧೀಜಿಯ ಉತ್ತರ. ಅಂಬೇಡ್ಕರರಿಗೆ ಬೇಕಾಗಿದ್ದುದು ದಯೆಯಲ್ಲ, ಹಕ್ಕು. ನಾವು ಈ ಜಗಳದಲ್ಲಿ ಅಂಬೇಡ್ಕರರ ಕಡೆಗೇ ವಾಲುತ್ತೇವೆ. ಕೆರೆಯ ನೀರು ಮುಟ್ಟಲು ಬಿಡದ ಊರಿನ ಮಕ್ಕಳಿಗೆ ಕಾಸು ಕೊಡುವುದನ್ನು ಕಲಿಸಿದರೆ, ಕೊಟ್ಟಾಯಿತಲ್ಲ ಎಂಬ ಸಮಾಧಾನವನ್ನೂ ಕಲಿಸಿದ ಹಾಗೆ. ಆದರೆ ಒಂದು ಮಾತನ್ನು ಒಪ್ಪಬೇಕು. ಸಾಲ ಎಂಬ ಶಬ್ದ ದಾನ ಎಂಬ ಶಬ್ದಕ್ಕಿಂತ ಮೇಲು. ಜಕಾತಿನ ವಿಷಯದಲ್ಲೂ ನಮ್ಮ ಉಲೇಮಾಗಳು ಹೇಳುವುದು ಅದನ್ನೇ: ಅದು ನಿನ್ನ ಔದಾರ್ಯವಲ್ಲ, ನಿನ್ನ ಸಂಪತ್ತಿನಲ್ಲಿ ಬಡವನಿಗಿರುವ ಹಕ್ಕು.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿದೆ. 1948ರಲ್ಲಿ ದೇಶದ ನದಿಗಳಿಗೆಲ್ಲ ಹಂಚಿಹೋದ ಆ ಭಸ್ಮದ ಒಂದು ಪಾಲನ್ನು ಈ ಪುಟ್ಟ ಊರಿನ ಸ್ವಾತಂತ್ರ್ಯ ಹೋರಾಟಗಾರರು ತಂದು ಇಟ್ಟುಕೊಂಡರು. ಅಕ್ಟೋಬರ್ ಎರಡಕ್ಕೆ, ಜನವರಿ ಮೂವತ್ತಕ್ಕೆ ಶಾಲಾ ಮಕ್ಕಳನ್ನು ಸಾಲಾಗಿ ಅಲ್ಲಿಗೆ ಕರೆತರುತ್ತಾರೆ. ಸಾಲು ನಿಲ್ಲುವುದು, ಹೆಜ್ಜೆ ಹಾಕುವುದು, ಬಾವುಟ ಮಡಚುವುದು, ಇವನ್ನೆಲ್ಲ ಕರ್ನಾಟಕದ ಶಾಲೆಗಳಿಗೆ ತಂದವರಲ್ಲಿ ಡಾ. ನಾ. ಸು. ಹರ್ಡೀಕರರ ಹೆಸರು ದೊಡ್ಡದು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮಾಪಣೆ ಬರೆದುಕೊಡದೆ ಗಟ್ಟಿಯಾಗಿ ನಿಂತದ್ದು ದೇಶದ ಕಣ್ಣಿಗೆ ಬಿತ್ತು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. 1924ರ ಬೆಳಗಾವಿ ಅಧಿವೇಶನದಲ್ಲಿ ಸಾವಿರಾರು ಜನರ ವ್ಯವಸ್ಥೆ ನೋಡಿಕೊಂಡವರು, ಪಾಯಿಖಾನೆ ಬಳಿದವರು ಸ್ವಯಂಸೇವಕರೇ. ಸ್ವಾತಂತ್ರ್ಯದ ನಂತರ ಇದರ ಮಕ್ಕಳ ಕವಲು ಭಾರತ ಸೇವಾದಳವಾಗಿ ನಮ್ಮ ಶಾಲೆಗಳಲ್ಲಿ ಉಳಿಯಿತು. 1969ರಲ್ಲಿ ಕಾಲೇಜುಗಳಿಗೆ ಎನ್ನೆಸ್ಸೆಸ್ ಬಂತು. ಎನ್ನೆಸ್ಸೆಸ್ ಶಿಬಿರದ ಮಾತು ಇಲ್ಲಿ ಬೇಡ. ಹತ್ತು ದಿನ ಹಳ್ಳಿಯಲ್ಲಿ ಚರಂಡಿ ತೆಗೆದು, ಹನ್ನೊಂದನೆಯ ದಿನ ಅದೇ ಹಳ್ಳಿಯವರನ್ನು ಬಸ್ಸಿನ ಸೀಟಿನಿಂದ ಎಬ್ಬಿಸಿದ ಗೆಳೆಯರು ನಮಗಿದ್ದರು.

ಬರೆಯಲು ಕೈ ತಡೆಯುವ ಒಂದು ವಿಷಯವಿದೆ. ಇದೇ ಸೀಮೆಯಲ್ಲಿ ಮಕ್ಕಳಿಗೆ ಕೊಡುವುದನ್ನು ಕಲಿಸಿದಂತೆ, ಮಕ್ಕಳನ್ನೇ ಕೊಟ್ಟದ್ದೂ ಉಂಟು. ಬಸವಿ ಬಿಡುವುದು ಎನ್ನುತ್ತಿದ್ದರು. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಗೆಜೆಟಿಯರಿನಲ್ಲಿ ಈ ಪದ್ಧತಿಯ ವಿವರವಿದೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಗುಡ್ಡಕ್ಕೆ, ಭರತ ಹುಣ್ಣಿಮೆಗೆ, ದಲಿತರ ಮನೆಗಳ ಹೆಣ್ಣುಮಕ್ಕಳನ್ನು ಕರೆದೊಯ್ದು ಮುತ್ತು ಕಟ್ಟಿಸುತ್ತಿದ್ದರು. ಕೂಡ್ಲಿಗಿ ಕಡೆಯಲ್ಲೂ ಇದರ ಬೇರು ಆಳ. ಮದ್ರಾಸ್ ಸರಕಾರ 1947ರಲ್ಲಿ ಕಾನೂನು ಮಾಡಿತು, ಕರ್ನಾಟಕ 1982ರಲ್ಲಿ ಮಾಡಿತು. ಕಾನೂನಿನ ನಂತರವೂ ಕದ್ದುಮುಚ್ಚಿ ನಡೆದದ್ದನ್ನು ಪತ್ರಿಕೆಗಳು ಬರೆದಿವೆ. ಅಲ್ಲಿಯೂ ಹರಕೆ, ಅಲ್ಲಿಯೂ ಜೋಳಿಗೆ, ಅಲ್ಲಿಯೂ ಐದು ಮನೆ ಬೇಡುವುದು. ಆದರೆ ಮೊಹರಂ ಫಕೀರನ ಲಾಡಿ ಹಬ್ಬ ಮುಗಿದ ಮೇಲೆ ಬಿಚ್ಚುತ್ತದೆ. ಆ ಹುಡುಗಿಯ ಕೊರಳಿನದು ಬಿಚ್ಚುತ್ತಿರಲಿಲ್ಲ. ನಮ್ಮ ಜನಪದ ಪರಂಪರೆ ಎಂದು ಎದೆ ತಟ್ಟಿಕೊಳ್ಳುವಾಗ ಇದನ್ನು ನೆನೆಯದೆ ಇರುವುದು ಅಪ್ರಾಮಾಣಿಕತೆ. ಒಂದೇ ಬಗೆಯ ಜೋಳಿಗೆ ಹುಡುಗನಿಗೆ ಪಾಠವಾಯಿತು, ಹುಡುಗಿಗೆ ಶಿಕ್ಷೆಯಾಯಿತು.

ಬಾಲ್ಯದ ಹಸಿವನ್ನು ಹಕ್ಕಿನ ಮಾತಾಗಿ ನೋಡಿದ್ದು ಬಹಳ ತಡವಾಗಿ. 2002ರ ಜೂನ್ 1ರಂದು ರಾಜ್ಯದ ಏಳು ಈಶಾನ್ಯ ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟ ಶುರುವಾಯಿತು. ಬಳ್ಳಾರಿಯೂ ಅವುಗಳಲ್ಲಿ ಒಂದು. ಸರಕಾರ ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಮಕ್ಕಳ ತಟ್ಟೆಗೆ ಅಂದೇ ಅನ್ನ ಬಿತ್ತು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನಲ್ಲೇ ಇತ್ತು. ಹರಪನಹಳ್ಳಿ ಮಾತ್ರ ಆಗ ದಾವಣಗೆರೆ ಜಿಲ್ಲೆ, ಹಾಗಾಗಿ ಉಳಿದ ಜಿಲ್ಲೆಗಳ ಸರದಿ ಬರುವವರೆಗೆ ಕಾಯಬೇಕಾಯಿತು. ಜಿಲ್ಲೆಯ ಗೆರೆ ಎಲ್ಲಿ ಎಳೆಯುತ್ತಾರೆಂಬುದು ಹೊಟ್ಟೆಗೂ ಸಂಬಂಧಿಸಿದ್ದೆಂದು ನಮಗೆ ತಿಳಿದದ್ದು ಹೀಗೆ. ಶಾಲೆಯಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುವುದು, ದೊಡ್ಡ ತರಗತಿಯವರು ಚಿಕ್ಕವರಿಗೆ ಬಡಿಸುವುದು, ಇದಕ್ಕಿಂತ ಒಳ್ಳೆಯ ಸೇವ��ಯ ಪಾಠ ಯಾವ ಪಠ್ಯದಲ್ಲಿದೆ? ಆದರೆ ದಲಿತ ಮಹಿಳೆ ಅಡುಗೆ ಮಾಡಿದಳೆಂದು ಮಕ್ಕಳನ್ನು ಬಿಡಿಸಿಕೊಂಡು ಹೋದ ತಂದೆತಾಯಿಗಳೂ ಈ ರಾಜ್ಯದಲ್ಲಿದ್ದಾರೆ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೇಡವೆಂದರು. ಆಗ ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ನಮ್ಮ ತಟ್ಟೆಯ ಮೊಟ್ಟೆ ಕಿತ್ತುಕೊಳ್ಳಲು ನೀವು ಯಾರು ಎಂಬರ್ಥದಲ್ಲಿ ಆಡಿದ ಮಾತು ಊರೆಲ್ಲ ಹರಿದಾಡಿತು. ಅವಳ ಸ್ವರದಲ್ಲಿ ಬೇಡುವವಳ ಅಳುಕಿರಲಿಲ್ಲ.

ಕೊಡುವುದೆಂದರೆ ಮನುಷ್ಯರಿಗೇ ಎಂದೇನೂ ಅಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ನೂರಾರು ವರ್ಷ ಹಳೆಯದು, ಊರವರು ನೀರಾವರಿಗೆ ಕಟ್ಟಿಕೊಂಡದ್ದು. ಅಲ್ಲಿಯ ಜಾಲಿ ಮರಗಳಿಗೆ ಬಣ್ಣದ ಕೊಕ್ಕರೆ, ಕೆಂಬರಲುಗಳು ಬಂದು ಗೂಡು ಕಟ್ಟಿದವು. 2024ರ ಜನವರಿಯಲ್ಲಿ ಇದು ರಾಮ್ಸರ್ ಪಟ್ಟಿಗೆ ಸೇರಿತು. ಸುಮಾರು 99 ಹೆಕ್ಟೇರಿನ ಕೆರೆ, ಮೂವತ್ತು ಸಾವಿರಕ್ಕೂ ಹೆಚ್ಚು ನೀರಹಕ್ಕಿ. ಅರಣ್ಯ ಇಲಾಖೆಯ ಫಲಕ ಬರುವ ಮೊದಲೇ ಊರವರು ಆ ಹಕ್ಕಿಗಳನ್ನು ಸಹಿಸಿಕೊಂಡಿದ್ದರು. ಕವಣೆ ಹಿಡಿಯುವ ವಯಸ್ಸಿನ ಹುಡುಗರಿಗೆ ಕೆರೆಯ ದಂಡೆಯಲ್ಲಿ ಕವಣೆ ಹಿಡಿಯದಿರುವುದನ್ನು ಕಲಿಸುವುದು ಎಷ್ಟು ಕಷ್ಟವೆಂದು ಮಕ್ಕಳನ್ನು ಸಾಕಿದವರಿಗೆ ಗೊತ್ತು.

ಈಗಿನ ಮಕ್ಕಳಿಗೆ ಕೊಡುವ ಅವಕಾಶಗಳಿಗೆ ಕೊರತೆಯಿಲ್ಲ. ಶಾಲೆಯಿಂದ ಡಬ್ಬಿ ಕೊಟ್ಟು ಕಳಿಸುತ್ತಾರೆ, ಹೆಚ್ಚು ಕೂಡಿಸಿದವನಿಗೆ ವೇದಿಕೆಯ ಮೇಲೆ ಬಹುಮಾನ. ನಮ್ಮವರೂ ಹಿಂದೆ ಬಿದ್ದಿಲ್ಲ. ರಮಜಾನಿನ ರೇಷನ್ ಕಿಟ್ ಹಂಚುವಾಗ ತೆಗೆದುಕೊಳ್ಳುವ ವಿಧವೆಯ ಮುಖ ಕ್ಯಾಮೆರಾದ ಕಡೆಗಿರಬೇಕು, ಕೊಡುವವರು ಆರು ಜನ ಕಿಟ್ಟಿಗೆ ಕೈ ಹಚ್ಚಿರಬೇಕು, ಒಬ್ಬರ ಮಗನನ್ನು ನಡುವೆ ನಿಲ್ಲಿಸಿರಬೇಕು, ಮಕ್ಕಳೂ ಕಲಿಯಲಿ ಎಂದು. ಆ ಫೋಟೋದಲ್ಲಿ ಮಗು ಏನು ಕಲಿಯಿತು ಎಂದು ಕೇಳಬಾರದು. ಮುಚ್ಚಿದ ಕರವಸ್ತ್ರದ ತಟ್ಟೆ ಹಿಡಿದು ನಡೆದ ನಮ್ಮ ತಲೆಮಾರಿನವರೇ ಈ ಫೋಟೋ ತೆಗೆಯುತ್ತಿರುವುದು. ಇದನ್ನು ಬರೆಯುತ್ತಿರುವ ನಾವೂ ಅಂಥ ಒಂದೆರಡು ಫೋಟೋಗಳಲ್ಲಿ ನಿಂತಿದ್ದೇವೆ.

ಇನ್ನು ಫಕೀರರು ಕಡಿಮೆಯಾಗುತ್ತಿದ್ದಾರೆ. ನಮ್ಮ ಮಸೀದಿಯ ಹುಡುಗರು ಅದು ನಮ್ಮದಲ್ಲ ಎನ್ನುತ್ತಾರೆ, ಗುಡಿಯ ಹುಡುಗರೂ ಅದು ನಮ್ಮದಲ್ಲ ಎನ್ನುತ್ತಾರೆ. ಇಬ್ಬರೂ ಒಪ್ಪುವ ವಿಷಯ ನಮ್ಮ ಊರಲ್ಲಿ ಇದೊಂದೇ. ಆದರೂ ಹೋದ ಮೊಹರಂ ಖತಲ್ ರಾತ್ರಿಗೆ ಮುನ್ನ ಕೊಟ್ಟೂರು ದಾರಿಯ ಹಳ್ಳಿಯೊಂದರಲ್ಲಿ ನೆಂಟರ ಮನೆಯ ಕಟ್ಟೆಯ ಮೇಲೆ ನಾವು ಕೂತಿದ್ದಾಗ ಒಬ್ಬ ಪುಟ್ಟ ಫಕೀರ ಬಂದ. ಕುರುಬರ ಮನೆಯ ಹುಡುಗ. ಜೊತೆಗೆ ಅವನ ಅಜ್ಜಿ. ನಾಲ್ಕು ಮನೆ ಮುಗಿದಿತ್ತಂತೆ. ಐದನೆಯ ಮನೆಯವರು ಬೆಂಗಳೂರಿಗೆ ದುಡಿಯಲು ಹೋಗಿ ಬೀಗ ಹಾಕಿಕೊಂಡಿದ್ದರು. ಅವರ ಪಕ್ಕದ ಮನೆಯವರು ಈಗ ಇಂಥದ್ದನ್ನೆಲ್ಲ ಬಿಟ್ಟಿದ್ದೇವೆಂದು ಒಳಗಿನಿಂದಲೇ ಹೇಳಿ ಕಳಿಸಿದರಂತೆ. ಅವರು ಯಾವ ಜಾತಿಯವರೆಂದು ನಾವು ಕೇಳಲಿಲ್ಲ, ಅಜ್ಜಿ ಹೇಳಲೂ ಇಲ್ಲ. ಹುಡುಗ ನಮ್ಮ ಕಡೆ ನೋಡಿ ಅಜ್ಜಿಗೆ, "ಇವ್ರು ಈ ಊರವ್ರಲ್ಲಲ್ಲ, ಇವ್ರನ್ನ ಕೇಳಿದ್ರ ನಡೀತೈತಾ?" ಎಂದ. ಅಜ್ಜಿ ಯೋಚನೆಗೆ ಬಿದ್ದಳು. ಅಷ್ಟರಲ್ಲಿ ಒಳಗಿನಿಂದ ನಮ್ಮ ನೆಂಟರ ಮನೆಯ ಸೊಸೆ ಮೊರದಲ್ಲಿ ಗೋಧಿ ತಂದು, ತನ್ನ ಮೂರು ವರ್ಷದ ಮಗಳನ್ನು ಎತ್ತಿ ಹಿಡಿದು, ಅವಳ ಪುಟ್ಟ ಕೈಯಿಂದಲೇ ಜೋಳಿಗೆಗೆ ಹಾಕಿಸಿದಳು. ಅರ್ಧ ಕಾಳು ನೆಲಕ್ಕೆ ಬಿತ್ತು. ಹುಡುಗ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಆರಿಸತೊಡಗಿದ. ಅವಳೂ ಇಳಿದು ಅವನ ಜೊತೆ ಆರಿಸಿದಳು.